ಒಲೆಯ ಅಟ್ಟದಲ್ಲಿ ಲ್ಯಾಪ್‌ಟಾಪ್ ಇಟ್ಟದ್ದು

ಕೂಸೇ, ಮಾಣಿಯೇ, ನಿಮ್ಮ ಅಜ್ಜಿ ನಾನು, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ. ಹುಡುಗಿಯನ್ನು ಕೂಸು, ಹುಡುಗನನ್ನು ಮಾಣಿ ಎಂದು ಮನೆಯಲ್ಲಿ ಕರೆಯುವ ಹಾಗೇ ಇಲ್ಲೂ ಕರೆದಿದ್ದೇನೆ. ಕಾಗದದ ಮೇಲೆ ಯಾರ ಹೆಸರನ್ನೂ ಹಾಕುವುದು ಬೇಡ ಅನ್ನಿಸಿತು. ನಾನು ಬೇಗಾರಿನ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ಅಕ್ಷರ ದುಂಡಗಿದೆ, ಬಾಯಿ ಮಾತ್ರ ಇಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದರು. ಎರಡೂ ನಿಜ. ಬಾಯಿ ಬಿಟ್ಟು ಹೇಳಬೇಕಾಗಿದ್ದ ಒಂದು ಮಾತನ್ನು ಹೇಳದೆ ಇಷ್ಟು ವರ್ಷ ಕಳೆದೆ. ಈಗ ಅಕ್ಷರದಲ್ಲಾದರೂ ಇಳಿಸುತ್ತೇನೆ. ಅದು ನಿಮ್ಮ ಅಮ್ಮನ ಲ್ಯಾಪ್‌ಟಾಪ್ ಯಾಕೆ ಅಷ್ಟು ಬಿಸಿಯಾಗುತ್ತಿತ್ತು ಎಂಬ ಮಾತು.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಕೂಸಿಗೆ ಆರು ತುಂಬಿತ್ತು, ಮಾಣಿ ಇನ್ನೂ ತೊಟ್ಟಿಲಲ್ಲಿದ್ದ. ನಿಮ್ಮ ಅಮ್ಮ ನಿಮ್ಮಿಬ್ಬರನ್ನೂ ಕರೆದುಕೊಂಡು ನರಸಿಂಹರಾಜಪುರದ ಗಂಡನ ಮನೆಯಿಂದ ಕೊಪ್ಪಕ್ಕೆ, ನನ್ನ ಬಾಡಿಗೆ ಮನೆಗೆ ಬಂದಳು. ನರಸಿಂಹರಾಜಪುರದಲ್ಲಿ ಮನೆ ನಡೆಸುತ್ತಿದ್ದವರು ನಿಮ್ಮ ಅಪ್ಪನ ಅಕ್ಕ, ನಿಮ್ಮ ಅತ್ತೆ. ನಿಮ್ಮ ಅಪ್ಪ ಅಕ್ಕನ ಮಾತು ಮೀರುವವರಲ್ಲ. ಡಿಗ್ರಿ ಮಾಡಿದ ಹುಡುಗಿ ಅಲ್ಲಿ ಪೇಪರ್ ಓದುವುದಕ್ಕೂ ಅತ್ತಿಗೆಯ ಮುಖ ನೋಡಬೇಕಿತ್ತು. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಹಂಡೆಗೆ ನೀರು ತುಂಬಿಸಿ ಬಚ್ಚಲ ಒಲೆಗೆ ಬೆಂಕಿ ಹಾಕಿದೆ. ನಿಮ್ಮ ಅಜ್ಜ ಹೋಗಿ ಆಗ ನಾಲ್ಕು ವರ್ಷವಾಗಿತ್ತು. ನಾನು ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಟ್ಟು ಬದುಕುತ್ತಿದ್ದೆ. ಮಾತಾಡುವ ಅಭ್ಯಾಸ ಮೊದಲೇ ಕಡಿಮೆ, ಒಬ್ಬಳೇ ಇದ್ದು ಅದೂ ಹೋಗಿತ್ತು.

ಹರಿಹರಪುರದ ನನ್ನ ತಮ್ಮ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡು ಹಳೆಯದನ್ನು ನಿಮ್ಮ ಅಮ್ಮನಿಗೆ ಕೊಟ್ಟ. ಅವಳು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಮಕ್ಕಳಿಗೆ ಕಲಿಸಿ ಬರುವುದು, ಮಧ್ಯಾಹ್ನದ ಮೇಲೆ ಮನೆಯಲ್ಲಿ ಕುಳಿತು ಕನ್ನಡ ಟೈಪ್ ಮಾಡುವುದು, ಹೀಗೆ ಶುರುವಾಯಿತು. ಮೊದಲು ಲಗ್ನಪತ್ರಿಕೆ, ಅರ್ಜಿ. ಆಮೇಲೆ ಶೃಂಗೇರಿಯ ಒಬ್ಬ ಉಪನ್ಯಾಸಕರು ಪಿಎಚ್‌ಡಿಗೆ ಬರೆದ ಪ್ರಬಂಧ ಕೊಟ್ಟರು. ಕೈಬರಹದ ಕಟ್ಟುಗಳು, ಒಂದು ಗೋಣಿಚೀಲ ತುಂಬುವಷ್ಟು. ನವರಾತ್ರಿಯ ಒಳಗೆ ಮುಗಿಸಿಕೊಟ್ಟರೆ ತಾವು ಕೆಲಸ ಮಾಡುವ ಕಾಲೇಜಿನ ಆಫೀಸಿಗೆ ಅವಳ ಹೆಸರು ಹೇಳುತ್ತೇನೆ, ಅಲ್ಲಿ ಟೈಪಿಂಗ್ ಬಲ್ಲವರು ಬೇಕಾಗಿದ್ದಾರೆ ಎಂದಿದ್ದರಂತೆ. ಆ ಕೆಲಸ ಸಿಕ್ಕಿದರೆ ಅವಳು ನರಸಿಂಹರಾಜಪುರಕ್ಕೆ ಹಿಂದಿರುಗಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಆಗ ಇದ್ದದ್ದು ಇದೊಂದೇ ಯೋಚನೆ. ಅವಳು ಬಾಯಿ ಬಿಟ್ಟು ಹೇಳದಿದ್ದರೂ ನನಗೆ ಗೊತ್ತಿತ್ತು.

ಲ್ಯಾಪ್‌ಟಾಪ್ ಬಂದ ದಿನವೇ ಅವಳು ನನಗೆ ಹೇಳಿದಳು.

"ಅಮ್ಮ, ನೀ ಇದನ್ನ ಮುಟ್ಟಕ್ಕೆ ಹೋಗ್ಬೇಡ. ನಿನ್ನ ಕೈ ಯಾವಾಗ ನೋಡಿದ್ರೂ ಹಪ್ಪಳದ ಎಣ್ಣೆ."

"ನಂಗೆಂತ ಕೆಲಸ ಮಾರಾಯ್ತಿ ಅದ್ರ ಹತ್ರ," ಎಂದೆ.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಮನಸ್ಸಿಗೆ ಒಂದು ಸಣ್ಣ ಮುಳ್ಳು ಚುಚ್ಚಿಕೊಂಡಿತು. ಅವಳು ಅದನ್ನು ತನ್ನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಚೀಲದೊಳಗೆ ಹಾಕಿ, ನಡುಕೋಣೆಯ ಟ್ರಂಕಿನ ಮೇಲೆ ಇಡುತ್ತಿದ್ದಳು.

ಮಳೆಗಾಲ ಹಿಡಿದು ಹದಿನೈದು ದಿನವಾಗಿರಬೇಕು. ಒಂದು ಬೆಳಿಗ್ಗೆ ಗುಡಿಸುವಾಗ ಆ ಚೀಲದ ಹಿಡಿಕೆಯ ಮೇಲೆ ಬೆಳ್ಳಗೆ ಬೂಸ್ಟು ಹಿಡಿದದ್ದು ಕಂಡೆ. ಒಳಗಿನ ಸೀರೆಯ ಮಡಿಕೆಗಳಲ್ಲೂ ಚುಕ್ಕೆ ಬಿದ್ದಿತ್ತು. ನಮ್ಮ ಕಡೆ ಬೂಸ್ಟು ಹಿಡಿಯಬಾರದ ವಸ್ತುವಿಗೆಲ್ಲ ಒಂದೇ ಜಾಗ, ಅಡುಗೆ ಒಲೆಯ ಮೇಲಿನ ಬಿದಿರಿನ ಅಟ್ಟ. ಉಪ್ಪು, ಬೆಂಕಿಪೆಟ್ಟಿಗೆ, ಬಿತ್ತನೆಗಿಟ್ಟ ಸೌತೆಬೀಜ, ಹಪ್ಪಳದ ಡಬ್ಬ ಎಲ್ಲ ಅಲ್ಲಿಯೇ ಮಳೆಗಾಲ ಕಳೆಯುತ್ತವೆ. ಕೆಳಗಿನ ಒಲೆಯ ಬಿಸಿ ಅವನ್ನು ಒಣಗಿಸಿಡುತ್ತದೆ. ನಿಮ್ಮ ಅಜ್ಜನ ರೇಡಿಯೋ ಹಸಿಗೆ ಕಟ್‌ ಕಟ್ ಎಂದು ನಿಂತುಹೋದಾಗಲೆಲ್ಲ ಅವರು ಅದನ್ನು ಒಂದು ಹಗಲು ಅಟ್ಟದಲ್ಲಿಟ್ಟು ಇಳಿಸುತ್ತಿದ್ದರು, ಅದು ಮತ್ತೆ ಹಾಡುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಿಗೆ ಮಿಷನ್ನುಗಳ ವಿಷಯ ಗೊತ್ತು ಎಂದು ನನ್ನ ನಂಬಿಕೆ. ಆ ರೇಡಿಯೋ ಅವರಿಗಿಂತ ಹೆಚ್ಚು ವರ್ಷ ಬಾಳಿತು.

ಹಾಗಾಗಿ ನಾನು ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದು, ಅಜ್ಜನ ಒಂದು ತೆಳು ಪಂಚೆಯಲ್ಲಿ ಸುತ್ತಿ, ಮಣೆಯ ಮೇಲೆ ಹತ್ತಿ ನಿಂತು ಅಟ್ಟದಲ್ಲಿ ಇಟ್ಟೆ. ಅವಳು ಬರುವುದು ಒಂದು ಗಂಟೆಗೆ. ಹನ್ನೆರಡಕ್ಕೇ ಇಳಿಸಿ, ಒರೆಸಿ, ಆರಲು ಬಿಟ್ಟು, ಮೊದಲಿದ್ದಂತೆ ಸೀರೆ ಸುತ್ತಿ ಚೀಲಕ್ಕೆ ಹಾಕಿದೆ. ಮುಟ್ಟಬೇಡ ಎಂದಿದ್ದಳಲ್ಲ, ಅದಕ್ಕೆ ಹೇಳಲಿಲ್ಲ. ಮಾರನೆಯ ದಿನವೂ ಇಟ್ಟೆ. ಆಮೇಲೆ ಅದು ದಿನದ ಕೆಲಸವಾಯಿತು, ಬಾವಿಯಿಂದ ನೀರು ತರುವ ಹಾಗೆ. ಕದ್ದು ಮಾಡುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಮಗಳ ಬದುಕನ್ನು ಬೆಚ್ಚಗೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ.

ಒಂದು ದಿನ ಅವಳು ಟೈಪ್ ಮಾಡುತ್ತಾ ಮೂಗು ಅರಳಿಸಿದಳು.

"ಅಮ್ಮ, ಇದಕ್ಕೆ ಹೊಗೆ ವಾಸನೆ ಬರ್ತದಲ್ಲೇ."

"ನಮ್ಮನೇಲಿ ಎಂತಕ್ಕೆ ಬರಲ್ಲ ಹೇಳು. ನಿನ್ನ ತಲೆ ಮೂಸಿ ನೋಡ್ಕೋ."

ಅವಳು ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಆಷಾಢ ಕಳೆಯುವಷ್ಟರಲ್ಲಿ ಲ್ಯಾಪ್‌ಟಾಪಿನ ಒಳಗಿನ ಫ್ಯಾನಿನ ಸದ್ದು ಹೆಚ್ಚಾಯಿತು. ಮೊದಲು ಕಿವಿಗೊಟ್ಟರೆ ಕೇಳುವಷ್ಟಿದ್ದದ್ದು ಅಡುಗೆಮನೆಗೂ ಕೇಳತೊಡಗಿತು, ಡಬ್ಬದೊಳಗೆ ಕಣಜದ ಹುಳ ಸಿಕ್ಕಿಕೊಂಡಂತೆ. ಒಂದು ಸಂಜೆ ಟೈಪ್ ಮಾಡುತ್ತಿದ್ದಾಗ ಪರದೆ ಒಮ್ಮೆಲೇ ಕಪ್ಪಾಯಿತು. ಕರೆಂಟು ಇತ್ತು, ಬಲ್ಬು ಉರಿಯುತ್ತಿತ್ತು. ಅದೊಂದು ಮಾತ್ರ ಸತ್ತಿತು.

"ಎರಡು ಪುಟ ಹೋಯ್ತಮ್ಮ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಬಂತು. ಅರ್ಧ ಗಂಟೆ ನಡೆದು ಮತ್ತೆ ನಿಂತಿತು.

ಆಮೇಲೆ ದಿನಾ ಇದೇ ಆಯಿತು. ಅವಳು ನಾಲ್ಕು ಸ್ಟೀಲ್ ಲೋಟಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿಟಕಿ ತೆರೆದು ಕುಳಿತುಕೊಳ್ಳತೊಡಗಿದಳು. ಅಡಿಗೆ ಗಾಳಿಯಾಡಲಿ ಎಂದು ಅವಳು ಹಾಗೆ ಮಾಡಿದ್ದು. ನೆಲದ ತಂಡಿ ತಾಗದಿರಲಿ ಎಂದು ಎತ್ತರಕ್ಕಿಟ್ಟಿದ್ದಾಳೆ ಎಂದು ನಾನು ತಿಳಿದೆ. ಅವಳು ಏನೂ ಬಿಡಿಸಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆಫ್ ಆಗ್ತದೆ, ಆಫ್ ಆಗ್ತದೆ ಎನ್ನುವುದಷ್ಟೇ ನನ್ನ ಕಿವಿಗೆ ಬಿದ್ದದ್ದು. ರೇಡಿಯೋ ಕೂಡ ಹಸಿಗೆ ಹಾಗೇ ನಿಲ್ಲುತ್ತಿತ್ತಲ್ಲ. ಅಂದರೆ ಇದರ ಹೊಟ್ಟೆಗೂ ತಂಡಿ ಹೊಕ್ಕಿದೆ, ನಾನು ಇಡುತ್ತಿರುವ ಹೊತ್ತು ಸಾಲದು ಎಂದುಕೊಂಡು, ಅವಳು ಹೊಸಿಲು ದಾಟಿದ ಕೂಡಲೇ ಅಟ್ಟಕ್ಕೇರಿಸಿ, ಅವಳು ಬರುವ ಸ್ವಲ್ಪ ಮುಂಚೆ ಇಳಿಸತೊಡಗಿದೆ. ಒಲೆಗೆ ಒಂದು ಕೊಳ್ಳಿ ಜಾಸ್ತಿಯೇ ಹಾಕಿದೆ. ಅದು ಕೆಟ್ಟಷ್ಟೂ ನಾನು ಹೆಚ್ಚು ಕಾಯಿಸಿದೆ.

ಒಂದು ದಿನ ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟರು. ಕೂಸೇ, ನೀನು ಮನೆಯಲ್ಲೇ ಇದ್ದೆ. ನಾನು ಮಣೆ ಹತ್ತುವುದನ್ನೂ ಪಂಚೆಯ ಗಂಟು ಮೇಲಿಡುವುದನ್ನೂ ಒಲೆಯ ಪಕ್ಕ ಚಳಿ ಕಾಯಿಸುತ್ತಾ ನೀನು ನೋಡಿದೆ. ಮಕ್ಕಳು ಬಾರದೆ ನಿಮ್ಮ ಅಮ್ಮನ ಕ್ಲಾಸೂ ಬೇಗ ಬಿಟ್ಟಿತು. ಗೇಟಿನ ಸದ್ದು ಕೇಳಿ ನಾನು ಗಡಿಬಿಡಿಯಲ್ಲಿ ಇಳಿಸಿ, ಚೀಲಕ್ಕೆ ತುರುಕಿ, ಟ್ರಂಕಿನ ಮೇಲಿಟ್ಟು ಅಡುಗೆಮನೆಗೆ ಬಂದೆ. ಅವಳು ಬಂದವಳೇ ಕೆಲಸಕ್ಕೆ ಕುಳಿತಳು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಬೆಚ್ಚಗಿತ್ತು.

"ನೀ ಇದ್ರಲ್ಲಿ ಆಟ ಆಡಿದ್ಯನೇ?" ಎಂದು ನಿನ್ನನ್ನು ಕೇಳಿದಳು.

"ನಾ ಮುಟ್ಟಲೇ ಇಲ್ಲ," ಎಂದೆ ನೀನು.

"ಸುಳ್ಳು ಬೇರೆ ಹೇಳ್ತೀಯಾ? ಕೈಗೆ ಬಿಸಿ ಹತ್ತುತ್ತಾ ಉಂಟು. ಬಿಸಿಯಾಗೇ ಇದು ಸಾಯ್ತಿರೋದು, ಗೊತ್ತಾ ನಿಂಗೆ? ಒಳಗಿರೋ ಪ್ರೊಸೆಸರ್‌ಗೆ ಬಿಸಿ ಆಗ್ಬಾರ್ದು."

ಹೇಳುತ್ತಲೇ ಕೆನ್ನೆಗೆ ಹೊಡೆದಳು. ಅವಳು ಹೊಡೆಯುವವಳಲ್ಲ. ಪ್ರಬಂಧದಲ್ಲಿ ಇನ್ನೂ ಎರಡು ಕಟ್ಟು ಉಳಿದಿತ್ತು, ನವರಾತ್ರಿ ಹತ್ತಿರ ಬರುತ್ತಿತ್ತು. ಆ ಹೆದರಿಕೆ ಹೊಡೆಸಿತು.

ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅದರ ಶತ್ರು ತಂಡಿಯಲ್ಲ, ಬಿಸಿ ಎಂಬುದು ನನಗೆ ತಿಳಿದದ್ದು ಅದೇ ಗಳಿಗೆಯಲ್ಲಿ. ಸೌಟಿನಿಂದ ಸಾರು ಕಾಲ ಮೇಲೆ ಹನಿಯುತ್ತಿದ್ದದ್ದೂ ಗೊತ್ತಾಗಲಿಲ್ಲ. ನೀನು ಅಳಲಿಲ್ಲ. ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನನ್ನ ಒಂದು ಮಾತು ಸಾಕಾಗಿತ್ತು. ಅಜ್ಜಿ ಇಟ್ಟದ್ದು ಎಂದು ನೀನಾದರೂ ಹೇಳಬಹುದಿತ್ತು. ಇಬ್ಬರೂ ಹೇಳಲಿಲ್ಲ. ಸಂಜೆ ನೀನು ಒಲೆಯ ಹತ್ತಿರ ಬಂದು ಮೆಲ್ಲಗೆ ಹೇಳಿದೆ.

"ಅಜ್ಜಿ, ಇನ್ನು ಅದನ್ನ ಅಟ್ಟಕ್ಕೆ ಇಡ್ಬೇಡ."

ಇಡಲಿಲ್ಲ. ಆದರೆ ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು. ಹತ್ತು ನಿಮಿಷಕ್ಕೊಮ್ಮೆ ನಿಲ್ಲತೊಡಗಿತು. ಕೊನೆಗೆ ಶೃಂಗೇರಿಯಲ್ಲಿ ಒಬ್ಬರು ರಿಪೇರಿ ಮಾಡುತ್ತಾರೆ ಎಂದು ಕೇಳಿ, ಬಸ್ಸು ಹತ್ತಿ ಎಲ್ಲರೂ ಹೋದೆವು. ಮಾಣಿಯನ್ನು ಎತ್ತಿಕೊಳ್ಳಲು ನಾನು, ಮನೆಯಲ್ಲಿ ಬಿಡಲಾಗದೆ ಕೂಸು.

ಮಹಡಿಯ ಮೇಲೆ ಸಣ್ಣ ಅಂಗಡಿ. ರಿಪೇರಿಯವರು ಲ್ಯಾಪ್‌ಟಾಪನ್ನು ಮಗುಚಿ ಹಾಕಿ, ತಿರುಪುಗಳನ್ನು ಬಿಚ್ಚಿ, ಅಡಿ ತೆಗೆದು, ಒಂದು ಗಳಿಗೆ ನೋಡಿ ನಕ್ಕರು.

"ಎಂತಮ್ಮ, ಇದ್ರಲ್ಲಿ ಹಪ್ಪಳ ಏನಾದ್ರೂ ಸುಟ್ರಾ?"

ಅವರು ಚಿಮಟದಲ್ಲಿ ಒಂದು ತುಂಡು ಎಳೆದು ತೋರಿಸಿದರು. ಕಪ್ಪು ಕಂಬಳಿಯ ಚೂರಿನ ಹಾಗೆ ಇತ್ತು.

"ಇದು ನೋಡಿ, ಗಾಳಿ ಹೊರಗೆ ಹೋಗೋ ಜಾಗ. ಪೂರ್ತಿ ಹೊಗೆಮಸಿ, ಇಲ್ಲಣ ಕಟ್ಟಿದೆ. ಪ್ರೊಸೆಸರ್ ಅಂದ್ರೆ ಇದ್ರ ತಲೆ ಇದ್ದ ಹಾಗೆ, ಕೆಲಸ ಮಾಡಿದಷ್ಟೂ ಬಿಸಿ. ಫ್ಯಾನು ಆ ಬಿಸೀನ ಹೊರಗೆ ಹಾಕ್ಬೇಕು. ದಾರಿ ಮುಚ್ಚಿದ್ರೆ ಅದೆಂತ ಮಾಡ್ತದೆ ಪಾಪ? ಸುಟ್ಟು ಹೋಗೋ ಬದಲು ತಾನೇ ಆಫ್ ಆಗ್ತದೆ. ಒಲೆ ಹತ್ರ ಇಡ್ತೀರಾ?"

"ಇಲ್ಲಪ್ಪ," ಎಂದಳು ನಿಮ್ಮ ಅಮ್ಮ. "ನಡುಕೋಣೇಲಿ ಟ್ರಂಕ್ ಮೇಲೆ ಇಡೋದು. ಸೀರೆ ಸುತ್ತಿ, ಚೀಲಕ್ಕೆ ಹಾಕಿ."

"ಹಾಗಾದ್ರೆ ಇಷ್ಟು ಮಸಿ ಎಲ್ಲಿಂದ ಬಂತು ಮಾರಾಯ್ರೆ?"

ಅವಳು ನನ್ನ ಕಡೆ ತಿರುಗಿದಳು. ಸಂಶಯದಿಂದಲ್ಲ, ಸುಮ್ಮನೆ ಕೇಳುವ ಹಾಗೆ. ನಾನು ಮಾಣಿಯ ಟೊಪ್ಪಿಯ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಹೊರಗಿನ ಗಂಡಸಿನ ಮುಂದೆ ಹೇಳಲು ನಾಚಿಕೆ, ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಕೂಸೇ, ನೀನು ನನ್ನ ಸೆರಗು ಹಿಡಿದು ನಿಂತಿದ್ದೆ. ಹಿಡಿತ ಬಿಗಿಯಾದದ್ದು ನನಗೆ ಗೊತ್ತಾಯಿತು.

"ಮನೆ ಪೂರ್ತಿ ಹೊಗೆ," ಎಂದಳು ನಿಮ್ಮ ಅಮ್ಮ ಕೊನೆಗೆ. "ಸೌದೆ ಒಲೆ. ಗ್ಯಾಸಿಲ್ಲ."

"ಅದೇ ಮತ್ತೆ."

ಅವರು ಬ್ರಷ್ಷಿನಲ್ಲಿ ತಿಕ್ಕಿ, ಗಾಳಿ ಊದುವ ಮಿಷನ್ನು ಹಿಡಿದು ಮಸಿಯನ್ನೆಲ್ಲ ಹಾರಿಸಿದರು. ಪ್ರೊಸೆಸರ್ ಮೇಲೆ ಒಣಗಿ ಪುಡಿಯಾಗಿದ್ದ ಲೇಪವನ್ನು ಕೆರೆದು, ಟೂತ್‌ಪೇಸ್ಟಿನಂಥ ಹೊಸ ಪೇಸ್ಟನ್ನು ಒಂದು ಕಾಳಿನಷ್ಟು ಹಚ್ಚಿದರು. ಅಡಿ ಮುಚ್ಚಿ ಆನ್ ಮಾಡಿದಾಗ ಲ್ಯಾಪ್‌ಟಾಪ್ ಸದ್ದಿಲ್ಲದೆ ನಡೆಯಿತು, ತಮ್ಮ ಕೊಟ್ಟ ದಿನದ ಹಾಗೆ. ಕೊಡುವಾಗ ಹೇಳಿದರು:

"ಅದೇ ಹೊಗೆ ಮನೇಲಿ ಇಟ್ರೆ ಆರು ತಿಂಗಳಿಗೆ ಮತ್ತೆ ಇದೇ ಕಥೆ. ಆಮೇಲೆ ಪ್ರೊಸೆಸರ್ ಹೋದ್ರೆ ಹೋಯ್ತು, ನನ್ ಹತ್ರ ತರ್ಬೇಡಿ."

ಅಲ್ಲಿಂದಲೇ ಉಪನ್ಯಾಸಕರ ಮನೆಗೆ ಹೋದೆವು. ಮಿಷನ್ನು ಸರಿಯಾಯಿತು, ಹತ್ತು ದಿನ ಕೊಡಿ ಎಂದು ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಅವರು ಒಳಗೆ ಕರೆಯಲಿಲ್ಲ. ಉಳಿದದ್ದನ್ನು ಶಿವಮೊಗ್ಗದಲ್ಲಿ ಟೈಪಿಂಗಿಗೆ ಕೊಡುತ್ತೇನೆ, ಆ ಎರಡು ಕಟ್ಟು ವಾಪಸ್ ಕಳಿಸಿ ಎಂದರು. ಕಾಲೇಜಿನ ಕೆಲಸದ ಮಾತನ್ನು ಅವರು ಎತ್ತಲಿಲ್ಲ. ಇವಳೂ ಕೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೆ.

ಬಸ್ಸಿನಲ್ಲಿ ಹೇಳುತ್ತೇನೆ ಎಂದುಕೊಂಡದ್ದು ಬಸ್ಸಿನಲ್ಲೂ ಆಗಲಿಲ್ಲ. ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

ಆಮೇಲೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಒಂದು ಭಾನುವಾರ ನಿಮ್ಮ ಅಪ್ಪ ಬಂದರು. ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು.

"ನಮ್ಮಲ್ಲಿ ಗ್ಯಾಸ್ ಉಂಟು. ಹೊಗೆ ಇಲ್ಲ. ನಿನ್ನ ಮಿಷನ್ನು ಅಲ್ಲಿಗೇ ತಗೊಂಡು ಬಾ. ಟೈಪಿಂಗ್ ಮಾಡ್ಬೇಡ ಅಂತ ಯಾರು ಹೇಳಿದ್ರು?"

"ನಿಮ್ಮಕ್ಕ?"

"ಅಕ್ಕಂಗೆ ನಾ ಹೇಳ್ತೀನಿ ಮಾರಾಯ್ತಿ. ಇಲ್ಲಿ ಕೂತು ಅದನ್ನೂ ಸುಡೋದ್ಯಾಕೆ."

ಅವಳು ಒಳಗೆ ಬಂದಳು. ನಾನು ಹಪ್ಪಳದ ಹಿಟ್ಟು ಕುಟ್ಟುತ್ತಿದ್ದೆ. ನನ್ನ ಎದುರು ಕುಕ್ಕರುಗಾಲಲ್ಲಿ ಕುಳಿತಳು.

"ಅಮ್ಮ, ಎಂತ ಮಾಡ್ಲಿ? ಕೊಪ್ಪದಲ್ಲಿ ಬೇರೆ ಕೆಲಸ ಸಿಗ್ತಿತ್ತೇನೋ. ಆದ್ರೆ ಈ ಮನೇಲಿ ಲ್ಯಾಪ್‌ಟಾಪ್ ಉಳಿಯಲ್ಲ ಅಂತಾರಲ್ಲ. ಇನ್ನೊಂದು ಎಲ್ಲಿಂದ ತರ್ಲಿ?"

ಅವಳು ಕೇಳಿದಳು. ನನ್ನನ್ನೇ ಕೇಳಿದಳು. ಮನೆಯ ಹೊಗೆ ಅಲ್ಲ ಮಗಳೇ, ನಾನೇ ದಿನಾ ಒಲೆಯ ನೆತ್ತಿಯ ಮೇಲಿಟ್ಟೆ, ಇನ್ನು ಇಡುವುದಿಲ್ಲ, ನಡುಕೋಣೆಯಲ್ಲಿ ಅದಕ್ಕೆ ಏನೂ ಆಗುವುದಿಲ್ಲ, ನೀನು ಹೋಗಬೇಡ. ಇಷ್ಟು ಹೇಳಿದ್ದರೆ ಅವಳು ನನ್ನ ಮೇಲೆ ಕೂಗಾಡುತ್ತಿದ್ದಳು, ಎರಡು ದಿನ ಮಾತು ಬಿಡುತ್ತಿದ್ದಳು, ಆದರೆ ಉಳಿಯುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಬೇರೆ.

"ನಿಂಗೆ ಸರಿ ಕಂಡ ಹಾಗೆ ಮಾಡು ಮಗಳೇ."

ಅದನ್ನು ಅವಳು ಹೋಗು ಎಂದೇ ತಿಳಿದಿರಬೇಕು. ಇನ್ನು ಹೇಗೆ ತಿಳಿಯುತ್ತಾಳೆ? ಮೂರು ಜನ ಬಂದು ನನ್ನ ಮೇಲೆ ಭಾರವಾದರು ಎಂದು ನನಗೆ ಅನ್ನಿಸಿದೆ ಎಂದುಕೊಂಡಿರಬೇಕು. ಮಾರನೆಯ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ನೀವಿಬ್ಬರೂ ಹೋದಿರಿ. ಅಟ್ಟದಲ್ಲಿ ಆ ಪಂಚೆ ಇನ್ನೂ ಇತ್ತು. ಅದನ್ನು ತೆಗೆದು ಒಲೆಗೆ ಹಾಕಿದೆ.

ನರಸಿಂಹರಾಜಪುರದಲ್ಲಿ ಹೊಗೆ ಇರಲಿಲ್ಲ, ನಿಜ. ಪುರುಸೊತ್ತೂ ಇರಲಿಲ್ಲ. ಮೊದಲು ತಿಂಡಿ, ಆಮೇಲೆ ಅಡುಗೆ, ಆಮೇಲೆ ಬಟ್ಟೆ, ಅದೆಲ್ಲ ಮುಗಿದರೆ ಟೈಪಿಂಗ್ ಮಾಡಬಹುದು ಎಂದು ನಿಮ್ಮ ಅತ್ತೆ ನಿಯಮ ಮಾಡಿದ್ದರು. ಅದೆಲ್ಲ ಎಂದಾದರೂ ಮುಗಿಯುತ್ತದೆಯೇ? ನಾನು ಒಮ್ಮೆ ನಿಮ್ಮನ್ನು ನೋಡಲು ಬಂದಿದ್ದೆ. ಲ್ಯಾಪ್‌ಟಾಪ್ ನಿಮ್ಮ ಅಪ್ಪನ ಹಾಸಿಗೆಯ ಮೇಲಿತ್ತು, ಅವರು ಅದರಲ್ಲಿ ಸಿನಿಮಾ ನೋಡುತ್ತಿದ್ದರು. ಅದರ ಅಡಿಭಾಗ ಹತ್ತಿಯ ಹಾಸಿಗೆಯಲ್ಲಿ ಅರ್ಧ ಹುದುಗಿತ್ತು. ಅವರು ಎದ್ದು ಹೋದಾಗ ಮುಟ್ಟಿ ನೋಡಿದೆ, ದೋಸೆ ಕಾವಲಿಯಂತಿತ್ತು. ಗಾಳಿ ಎಳೆಯುವ ಕಂಡಿ ಅಡಿಯಲ್ಲಿರುವುದನ್ನು ಶೃಂಗೇರಿಯಲ್ಲಿ ಕಣ್ಣಾರೆ ನೋಡಿದ್ದೆ, ಹಾಸಿಗೆಯ ಮೇಲಿಟ್ಟರೆ ಅದು ಮುಚ್ಚುತ್ತದೆ. ಅಳಿಯನಿಗೆ ಹೇಗೆ ಹೇಳುವುದು? ಎರಡು ಬೆರಳಿನಲ್ಲಿ ಎತ್ತಿ ಅಡಿಗೆ ಒಂದು ಪುಸ್ತಕ ಇಟ್ಟೆ. ಅವರು ಬಂದು ಪುಸ್ತಕ ತೆಗೆದು ಆಚೆ ಹಾಕಿದರು.

ಊಟಕ್ಕೆ ಕುಳಿತಾಗ ನಿಮ್ಮ ಅತ್ತೆ ನನ್ನ ಎದುರಿಗೇ ಹೇಳಿದರು.

"ಟೈಪಿಂಗ್ ಮಾಡಿ ಆಫೀಸರಾಗ್ತೀನಿ ಅಂತ ಹೋದೋಳು, ಈಗ ಸಾರಿಗೆ ಉಪ್ಪು ಹಾಕಕ್ಕೂ ಮರೀತಾಳೆ. ಅಲ್ವನ್ರೀ?"

ಸಾರಿಗೆ ಉಪ್ಪು ಸರಿಯಾಗಿತ್ತು. ನಾನು ಅದನ್ನೂ ಹೇಳಲಿಲ್ಲ.

ಆ ವರ್ಷ ಕಳೆಯುವುದರೊಳಗೆ ಲ್ಯಾಪ್‌ಟಾಪ್ ಪೂರ್ತಿ ಸತ್ತಿತು. ನಿಮ್ಮ ಅಮ್ಮ ಫೋನಿನಲ್ಲಿ ಹೇಳಿದಳು: "ನಿನ್ನ ಮನೆ ಹೊಗೆ ಅವತ್ತೇ ಅದ್ರ ಆಯಸ್ಸು ತಿಂದಿತ್ತಮ್ಮ, ಇಷ್ಟು ದಿನ ಬಂದದ್ದೇ ಹೆಚ್ಚು." ಹೇಳಿ ನಕ್ಕಳು. ಆ ನಗು ನನ್ನನ್ನು ಸಮಾಧಾನ ಮಾಡುವುದಕ್ಕೆ. ಅವಳು ಮತ್ತೆ ಟೈಪಿಂಗ್ ಮಾಡಲಿಲ್ಲ. ಮೊನ್ನೆ ಬಂದಿದ್ದಾಗ ಮಾತಾಡುತ್ತಾ ಅವಳ ಬೆರಳುಗಳು ಮೊಣಕಾಲ ಮೇಲೆ ಟಪಟಪ ಆಡುತ್ತಿದ್ದವು. ಅವಳಿಗೆ ಗೊತ್ತಿರಲಿಲ್ಲ. ನಾನು ನೋಡಿದೆ.

ಬೇರೆಯವರನ್ನು ಬೈಯಲು ನನಗೆ ಬೇಕಾದಷ್ಟು ಜನ ಇದ್ದಾರೆ. ಬಾಗಿಲಲ್ಲಿ ನಿಲ್ಲಿಸಿ ಮಾತಾಡಿದ ಉಪನ್ಯಾಸಕರು, ಹಾಸಿಗೆಯ ಮೇಲೆ ಸಿನಿಮಾ ನೋಡಿದ ನಿಮ್ಮ ಅಪ್ಪ, ನಿಮ್ಮ ಅತ್ತೆ. ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಬೈದಿದ್ದೇನೆ. ಬೈದು ಮುಗಿದ ಮೇಲೆ ಮಣೆ ಹತ್ತಿ ನಿಂತ ನನ್ನ ಕಾಲುಗಳೇ ಕಾಣುತ್ತವೆ. ಅಟ್ಟದಲ್ಲಿ ಇಟ್ಟದ್ದು ತಿಳಿಯದೆ ಮಾಡಿದ್ದು, ಅದಕ್ಕೆ ನಾನು ಅಳುವುದಿಲ್ಲ. ಆಮೇಲೆ ಸುಮ್ಮನಿದ್ದದ್ದು ತಿಳಿದೇ ಮಾಡಿದ್ದು.

ಕೂಸೇ, ನೀನು ಆ ಏಟು ತಿಂದು ಇಷ್ಟು ವರ್ಷವೂ ಯಾರಿಗೂ ಹೇಳಲಿಲ್ಲ. ನನ್ನ ಮಗಳು ಎಷ್ಟು ಸಾಧು, ಕ್ಲಾಸಿನಲ್ಲಿ ತುಟಿ ಬಿಚ್ಚುವುದಿಲ್ಲವಂತೆ ಎಂದು ನಿನ್ನ ಅಮ್ಮ ಹೆಮ್ಮೆಯಿಂದ ಹೇಳುವಾಗ ನನಗೆ ಹೆದರಿಕೆಯಾಗುತ್ತದೆ. ಅದನ್ನು ನನ್ನಿಂದ ಕಲಿಯಬೇಡ. ಅದು ಒಳ್ಳೆಯ ಗುಣವಲ್ಲ.

ಇದನ್ನು ನಿಮ್ಮ ಅಮ್ಮನಿಗೆ ಓದಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಿಮ್ಮ ಕೈಗೆ ಕೊಟ್ಟು ಮತ್ತೆ ಹಿಂದೆ ಸರಿಯುತ್ತಿದ್ದೇನೆ ಎಂದೂ ಗೊತ್ತಿದೆ. ನಾನು ಇರುವಾಗಲೇ ಅವಳಿಗೆ ತೋರಿಸಿದರೆ ಬೈಸಿಕೊಳ್ಳುತ್ತೇನೆ, ಎದ್ದು ಹೋಗುವುದಿಲ್ಲ. ಅಲ್ಲಿಯ ತನಕ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಟ್ರಂಕಿನಲ್ಲಿಡಿ, ಬೂಸ್ಟು ಹಿಡಿದರೆ ಬಿಸಿಲು ಬಂದ ದಿನ ಒರೆಸಿದರಾಯಿತು.